ಎಂಟನೇ ಕಾಲಮಿನ ನಾಲ್ಕನೇ ತೂತು

ಮುಳುಗಲಿರುವ ಹಳ್ಳಿಗಳ ಮನೆಗಳನ್ನು ರಟ್ಟಿನ ಚೀಟಿಯ ಮೇಲೆ ತೂತುಗಳಾಗಿ ಇಳಿಸುವ ಕೆಲಸ ಎಂದೂ ಆಗುವುದಿಲ್ಲ ಎಂದವರು ನಮ್ಮ ಕಚೇರಿಯ ಹಿರಿಯ ಗುಮಾಸ್ತರು. ಗೋಕಾಕದಲ್ಲಿ ಬಾಡಿಗೆಗೆ ಹಿಡಿದ ಒಂದು ಮಾಳಿಗೆ ಮನೆಯೇ ನಮ್ಮ ಕಚೇರಿ. ನಾನು ಹಾಜರಾದ ದಿನವೇ ಅವರು ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಗೆ ಸರಿಸಿ ಹೇಳಿದರು:

"ಬಿ.ಎಸ್ಸಿ. ಮುಗಿಸಿ ಬಂದೀರಿ, ಚಲೋ ಆತು. ಖರೆ ಒಂದು ಮಾತು. ಇಪ್ಪತ್ತು ವರ್ಷ ಕಂದಾಯದಾಗ ಊರೂರು ತಿರಗೀನಿ. ಒಂದು ಮನ್ಯಾಗ ಎಷ್ಟು ಮನಿ ಅದಾವ ಅನ್ನೂದು ಆ ಮನಿಯವರಿಗೇ ಗೊತ್ತಿರೂದಿಲ್ಲ. ನಿಮ್ಮ ಮಷೀನಿಗಿ ಹೆಂಗ ಗೊತ್ತಾಕ್ಕೈತ್ರಿ?"

ಉಳಿದವರು ನಕ್ಕರು. ನಾನು ನಗಲಿಲ್ಲ. ನಮ್ಮ ಓಣಿಯಲ್ಲಿ ಮೆಟ್ರಿಕ್ ದಾಟಿದವನೇ ನಾನೊಬ್ಬ. ಗಣಿತದಲ್ಲಿ ಪದವಿ ಪಡೆದು ಬಂದಿದ್ದೆ. ಆಗುವುದಿಲ್ಲ ಎಂಬ ಮಾತು ನನಗೆ ಸಾಲಿಯ ಮೊದಲ ದಿನದಿಂದಲೂ ರೂಢಿಯಾಗಿತ್ತು.

ಅದು ಅರವತ್ತರ ದಶಕದ ಮಾತು. ಘಟಪ್ರಭೆಗೆ ಕಟ್ಟೆ ಏಳುವುದಿತ್ತು. ಹುಕ್ಕೇರಿ ತಾಲೂಕಿನ ನದಿ ದಂಡೆಯ ಕೆಲವು ಹಳ್ಳಿಗಳು ನೀರಿನಡಿಗೆ ಹೋಗುವುದಿತ್ತು. ಅಲ್ಲಿಯ ಪ್ರತಿ ಕುಟುಂಬಕ್ಕೂ ಮೂಡಲಗಿ ಕಡೆ, ಕುಲಗೋಡದ ದಾರಿಯಲ್ಲಿ ಬೀಳು ಬಿದ್ದಿದ್ದ ಭೂಮಿಯಲ್ಲಿ ಒಂದೊಂದು ನಿವೇಶನ ಕೊಡಬೇಕು. ಕೈಯಿಂದ ಬರೆದ ಯಾದಿಗಳಲ್ಲಿ ಒಂದೇ ಮನೆ ಎರಡು ಸಲ ಬಂದು, ಇನ್ನೊಂದು ಮನೆ ಬಿಟ್ಟೇ ಹೋಗಿ, ಊರೂರಲ್ಲಿ ಜಗಳ ಎದ್ದಿದ್ದವು. ಅದಕ್ಕೆ ಮೇಲಿನವರು ಹೊಸ ದಾರಿ ಹಿಡಿದರು. ಪ್ರತಿ ಮನೆಗೆ ಒಂದು ರಟ್ಟಿನ ಚೀಟಿ. ಚೀಟಿಗೆ ಎಂಬತ್ತು ಕಾಲಂ. ಮನೆಯ ಒಂದೊಂದು ಸಂಗತಿಗೂ ಒಂದು ಕಾಲಂ, ಅದಕ್ಕೊಂದು ಅಂಕಿ, ಅಂಕಿ ಇದ್ದಲ್ಲಿ ತೂತು. ಬೆಂಗಳೂರಿನ ಯಂತ್ರದ ಕೋಣೆಯಲ್ಲಿ ಆ ತೂತುಗಳನ್ನು ಓದಿ, ಚೀಟಿಗಳನ್ನು ಬೇರ್ಪಡಿಸಿ, ನಿವೇಶನದ ಯಾದಿ ಅಚ್ಚು ಮಾಡುತ್ತಾರೆ. ಯಾವ ಸಂಗತಿಗೆ ಯಾವ ಅಂಕಿ, ಯಾವ ಚೀಟಿ ಸರಿ, ಯಾವುದು ತಪ್ಪು ಎಂಬ ನಿಯಮಗಳ ಪುಸ್ತಕ ಬರೆಯುವುದು, ಆರು ಜನ ಬರವಣಿಗೆಯವರಿಂದ ಹಾಳೆ ತುಂಬಿಸುವುದು, ಅದರಂತೆ ಚೀಟಿಗೆ ತೂತು ಹೊಡೆಸುವುದು, ತಪಾಸಣೆ ಮಾಡಿ ಹೇಳಿದ ತಾರೀಖಿಗೆ ಬೆಂಗಳೂರಿಗೆ ಕಳಿಸುವುದು ನನ್ನ ಕೆಲಸ. ಇಂದು ಇದಕ್ಕೆ ಬೇರೆ ದೊಡ್ಡ ಹೆಸರುಗಳಿವೆ. ಆಗ ನನ್ನನ್ನು ಸಂಕೇತ ಮೇಲ್ವಿಚಾರಕ ಎನ್ನುತ್ತಿದ್ದರು.

ಮೊದಲ ತಿಂಗಳು ಗುಮಾಸ್ತರ ಮಾತೇ ಗೆದ್ದಿತು. ಒಂದೇ ಮಾಳಿಗೆಯಡಿ ಮೂವರು ಅಣ್ಣತಮ್ಮಂದಿರು. ಅದು ಒಂದು ಮನೆಯೋ ಮೂರೋ? ಒಬ್ಬ ಬರವಣಿಗೆಯವ ಒಂದೆಂದು ಬರೆದ, ಇನ್ನೊಬ್ಬ ಮೂರೆಂದು. ಒಂದೇ ಹಾಳೆಯನ್ನು ಇಬ್ಬರ ಕೈಯಲ್ಲಿ ಬೇರೆ ಬೇರೆ ತುಂಬಿಸಿ ತಾಳೆ ನೋಡುವ ಪದ್ಧತಿ ನಾನೇ ಹಾಕಿದ್ದೆ. ತಾಳೆ ಬೀಳುತ್ತಲೇ ಇರಲಿಲ್ಲ. ಕಡೆಗೆ ನಾನು ಒಂದು ಹಳ್ಳಿಗೆ ಹೋಗಿ ಮೂರು ದಿನ ಕೂತೆ. ಅಲ್ಲಿ ಒಬ್ಬ ಮುದುಕಿ ನನ್ನ ಪ್ರಶ್ನೆಗಳನ್ನೆಲ್ಲ ಕೇಳಿ ಬೇಸತ್ತು, "ಮನಿ ಯಾಕ ಎಣಸ್ತಿಯೋ ಯಪ್ಪಾ, ಒಲಿ ಎಣಸು. ಒಲಿ ಬ್ಯಾರೆ ಆದ್ರ ಮನಿ ಬ್ಯಾರೆ" ಅಂದಳು. ಆ ಸಂಜೆಯೇ ಪುಸ್ತಕದಲ್ಲಿ ಬರೆದೆ: ಒಂದು ಒಲೆ, ಒಂದು ಚೀಟಿ. ಆಮೇಲೆ ತಾಳೆ ಬೀಳತೊಡಗಿತು. ಹಿರಿಯ ಗುಮಾಸ್ತರು ಒಂದು ವಾರ ಮಾತಾಡಲಿಲ್ಲ. ಆಮೇಲೆ ತಾವೇ ಬಂದು ನನ್ನ ಬಾಜೂ ಕೂತು ಹಾಳೆ ತಪಾಸಣೆಗೆ ಹಿಡಿದರು.

ಗೋಡೆಯ ಮೇಲೆ ಹಳ್ಳಿಗೊಂದು ಸಾಲು ಎಳೆದಿದ್ದೆ. ಹಾಳೆ ತುಂಬಿದ್ದಕ್ಕೆ ಒಂದು ಗೆರೆ, ತಾಳೆ ಆಗಿದ್ದಕ್ಕೆ ಅಡ್ಡ ಗೆರೆ, ಕಳಿಸಿದ್ದಕ್ಕೆ ದುಂಡು. ಬೆಂಗಳೂರಿನ ಯಂತ್ರದ ಮುಂದೆ ಬೇರೆ ಇಲಾಖೆಗಳವರೂ ಸಾಲು ಹಚ್ಚಿದ್ದರು. ನಮ್ಮ ಪಾಳಿ ತಪ್ಪಿದರೆ ಮುಂದಿನದು ಯಾವಾಗಲೋ. ಹಾಗಾಗಿ ನಿಯಮದ ಪುಸ್ತಕಕ್ಕೆ ಒಂದು ದಿನ ಮುದ್ರೆ ಹಾಕಬೇಕು, ಆಮೇಲೆ ಒಂದು ಅಂಕಿಯೂ ಬದಲಾಗಕೂಡದು ಎಂಬುದು ನಮ್ಮ ಸಾಹೇಬರ ಕಟ್ಟುನಿಟ್ಟು. ಸಾಹೇಬರು ಮೈಸೂರು ಕಡೆಯವರು. ನೇರ ಮನುಷ್ಯ. ಅವರನ್ನು ದೂರುವ ಒಂದು ಮಾತೂ ನನ್ನ ಬಳಿ ಇಲ್ಲ.

ಪುಸ್ತಕಕ್ಕೆ ಮುದ್ರೆ ಹಾಕುವ ದಿನ ಎಲ್ಲರನ್ನೂ ಕೂಡಿಸಿ ಒಂದೊಂದು ಕಾಲಂ ಓದಿಸಿದರು. ಏಳನೇ ಕಾಲಂ, ಮನೆಯ ಯಜಮಾನ ಗಂಡೋ ಹೆಣ್ಣೋ. ಎಂಟನೇ ಕಾಲಂ, ಮದುವೆ: ಆಗದವರಿಗೆ ಒಂದು, ಆದವರಿಗೆ ಎರಡು, ವಿಧವೆ ಅಥವಾ ವಿಧುರರಿಗೆ ಮೂರು. ಒಂದೇ ಮನೆಯವರು ಹೆಂಡತಿಯನ್ನೋ ಮಗಳನ್ನೋ ಬೇರೆ ಯಜಮಾನಿ ಎಂದು ತೋರಿಸಿ ಎರಡು ನಿವೇಶನ ಹೊಡೆಯಬಾರದಲ್ಲ. ಅದಕ್ಕೆ ತಡೆ ಬೇಕಿತ್ತು.

"ಹೆಂಗಸು ಯಜಮಾನಿ ಅಂದ್ರೆ ವಿಧವೇನೇ ಅಲ್ವಾ? ಬೇರೆ ಯಾವ ಸಂದರ್ಭ ಇದೆ ಹೇಳಿ," ಎಂದು ಸಾಹೇಬರು ಕೇಳಿದರು. "ಇಲ್ಲ ಅಂದ್ರೆ ನಿಯಮ ಸುಲಭ. ಯಜಮಾನಿ ಹೆಂಗಸಾಗಿದ್ದು ಎಂಟನೇ ಕಾಲಮಲ್ಲಿ ಮೂರು ಇಲ್ಲದ ಚೀಟಿ ತಪ್ಪು. ಯಂತ್ರ ಅದನ್ನ ಹೊರಕ್ಕೆ ಹಾಕಲಿ."

ಹಿರಿಯ ಗುಮಾಸ್ತರು ತಲೆ ಎತ್ತಿ ಮಾಳಿಗೆಯ ಜಂತಿ ನೋಡಿದರು. ಮಸಗುಪ್ಪಿಯಿಂದ ಬರುತ್ತಿದ್ದ ಬರವಣಿಗೆಯವ ಆಗಲೇ ಚೂಪಾಗಿದ್ದ ಪೆನ್ಸಿಲನ್ನು ಮತ್ತೆ ಕೆತ್ತತೊಡಗಿದ. ಆ ಕೋಣೆಯಲ್ಲಿ ಸಾಹೇಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅಂಥ ಮಾತನ್ನು ಪರ ಊರಿನ ಸಾಹೇಬರ ಮುಂದೆ ಯಾರು ಎತ್ತಬೇಕು? ಮರ್ಯಾದೆ ಎಂಬುದು ನಮ್ಮೆಲ್ಲರ ಬಾಯಿಗೆ ಅಡ್ಡ ಬಂತು. ಪುಸ್ತಕ ಬರೆದವನು ನಾನು. ಸಾಹೇಬರು ನನ್ನತ್ತಲೇ ನೋಡುತ್ತಿದ್ದರು.

"ಹೌದ್ರಿ," ಎಂದೆ.

ನಮ್ಮ ಕಡೆ ಗಂಡು ಸಂತಾನ ಇಲ್ಲದ ಕೆಲವು ಮನೆಗಳಲ್ಲಿ ಒಬ್ಬ ಮಗಳಿಗೆ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುತ್ತಿದ್ದರು. ಕೊರಳಿಗೆ ಕೆಂಪು ಬಿಳಿ ಮಣಿಯ ಸರ. ಅದೇ ದೇವಿಯೊಡನೆ ಲಗ್ನ, ಆಮೇಲೆ ಆಕೆಗೆ ಬೇರೆ ಲಗ್ನವಿಲ್ಲ. ತವರಿನಲ್ಲೇ ಉಳಿಯುತ್ತಾಳೆ, ತಂದೆಗೆ ಮಗನಾಗಿ ಮಣ್ಣು ಕೊಡುತ್ತಾಳೆ, ಮನೆ ಅವಳ ಹೆಸರಿಗೆ ಬರುತ್ತದೆ. ಊರಿನ ಗಂಡಸರು ಅವಳನ್ನು ಏನೆಂದು ನೋಡುತ್ತಾರೆ ಎಂಬುದನ್ನು ನಾನು ಬರೆಯಬೇಕಾಗಿಲ್ಲ. ನಮ್ಮ ಅಕ್ಕನಿಗೆ ಹಾಗೆ ಮುತ್ತು ಕಟ್ಟಿದರು. ಅದಾಗಿ ಎರಡು ವರ್ಷಕ್ಕೆ ನಾನು ಹುಟ್ಟಿದೆ.

ಅಪ್ಪ ತೀರಿದ ಮೇಲೆ ನನ್ನನ್ನು ಓದಿಸಿದವಳು ಅವಳೇ. ಗೋಕಾಕ ಫಾಲ್ಸಿನಲ್ಲಿ ಗಿರಣಿ ಕೆಲಸದಲ್ಲಿದ್ದ ಕಾಕಾನ ಮನೆಯಲ್ಲಿ ನನ್ನನ್ನು ಇರಿಸಿ, ಪರರ ಹೊಲದಲ್ಲಿ ಕಳೆ ತೆಗೆದು, ವಾರವಾರ ಜೋಳದ ರೊಟ್ಟಿಯ ಗಂಟು ಕಳಿಸಿದಳು. ಕಾಗದಪತ್ರದಲ್ಲೆಲ್ಲ ನನ್ನ ಊರು ಗೋಕಾಕ ಫಾಲ್ಸ್ ಎಂದೇ ಇತ್ತು. ಮುಳುಗುವ ಹಳ್ಳಿಗಳಲ್ಲಿ ಒಂದು ನನ್ನ ಹುಟ್ಟೂರು ಎಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ಮೊದಲ ಸುತ್ತಿನ ಚೀಟಿಗಳು ಬೆಂಗಳೂರಿಗೆ ಹೋಗಿ, ಹದಿನೈದು ದಿನಕ್ಕೆ ಅಚ್ಚಾದ ಯಾದಿ ಬಂತು. ಜೊತೆಗೆ ತಪ್ಪೆಂದು ಯಂತ್ರ ಹೊರಗೆ ಹಾಕಿದ ಚೀಟಿಗಳ ಒಂದು ಕಟ್ಟು. ಹೆಚ್ಚಿನವು ಕೈ ತಪ್ಪು: ಅಂಕಿ ಒಂದರ ಬದಲು ಏಳು, ಹಳ್ಳಿಯ ನಂಬರು ಅದಲುಬದಲು. ಅವನ್ನು ಬದಿಗಿಟ್ಟ ಮೇಲೆ ಹನ್ನೊಂದು ಚೀಟಿ ಉಳಿದವು. ಹನ್ನೊಂದರಲ್ಲೂ ಏಳನೇ ಕಾಲಮಿನಲ್ಲಿ ಹೆಣ್ಣು, ಎಂಟನೇದರಲ್ಲಿ ಒಂದು. ಮೇಲಿನದರ ಮನೆ ನಂಬರು ನಮ್ಮ ಮನೆಯದು.

ತಪ್ಪು ಚೀಟಿ ತಿದ್ದದಿದ್ದರೆ ಆ ಮನೆಗೆ ನಿವೇಶನ ಇಲ್ಲ. ತಿದ್ದಿದ ಚೀಟಿಗಳನ್ನು ಇಪ್ಪತ್ತು ದಿನದೊಳಗೆ ಕಳಿಸಬೇಕಿತ್ತು. ಹಿರಿಯ ಗುಮಾಸ್ತರು ಕಟ್ಟನ್ನು ಕೈಯಲ್ಲಿ ತೂಗಿ ನೋಡಿದರು.

"ಇವು ಯಾರವು ಅಂತ ನಮಗ ಗೊತ್ತು. ಒಂದು ತಗದು ಮೂರು ಬರದ ಬಿಡ್ರಿ. ವಿಧವಿ ಅಂದ್ರ ಮುಗೀತು. ಮಷೀನಿಗಿ ಏನು ತಿಳೀತೈತಿ?"

"ತಿದ್ದುಪಡಿ ಹಾಳೆಗೆ ಯಜಮಾನಿಯ ಹೆಬ್ಬಟ್ಟು ಬೇಕ್ರಿ."

"ಹೆಬ್ಬಟ್ಟಿಗೇನು, ಹೋಗಿ ಒತ್ತಿಸಿಕೊಂಡು ಬರ್ರಿ. ಮನಿ ಸಿಗತೈತಿ ಅಂದ್ರ ಎರಡೂ ಕೈದು ಒತ್ತತಾರ."

ನನಗೂ ಅದೇ ಸುಲಭ ಕಂಡಿತು. ಹನ್ನೊಂದು ಹಾಳೆ, ಮಸಿಯ ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಮೊದಲು ನಮ್ಮ ಮನೆಗೇ ಹೋದೆ.

ಅಕ್ಕ ಜೋಳ ಹಸನು ಮಾಡುತ್ತಿದ್ದಳು. ಅವ್ವ ಹಾಸಿಗೆ ಹಿಡಿದು ವರ್ಷವಾಗಿತ್ತು. ನನ್ನ ಇಸ್ತ್ರಿ ಅಂಗಿಯನ್ನು ಅಕ್ಕ ಕಣ್ಣು ತುಂಬ ನೋಡಿ, ಕೈ ಒರೆಸಿಕೊಂಡು ಮಜ್ಜಿಗೆ ತಂದಳು.

"ಸಾಹೇಬ ಆಗಿ ಬಂದೀಯಲ್ಲೋ. ಕಿಸೆಕ್ಕ ಪೆನ್ನು ಬ್ಯಾರೆ."

ನಾನು ಹಾಳೆ ಬಿಚ್ಚಿ, ಎಲ್ಲಿ ಒತ್ತಬೇಕೆಂದು ತೋರಿಸಿದೆ. ಬೆರಳಿಗೆ ಮಸಿ ಹಚ್ಚಿಕೊಂಡಳು. ಒತ್ತುವ ಮೊದಲು, "ಇದರಾಗ ಏನು ಬರದೈತಿ?" ಎಂದಳು.

"ವಿಧವಿ ಅಂತ ಐತಿ. ಬರೇ ಒಂದು ನಂಬರ ಅದು. ಮೂರು."

ಬೆರಳು ಹಾಗೇ ನಿಂತಿತು.

"ನಾ ಯಾಕ ರಂಡಿ ಆಗ್ಲೋ? ಎಲ್ಲವ್ವ ಸತ್ತಾಳೇನ?"

"ಮಷೀನಿಗಿ ಬೇಕಾಗೈತಿ, ಅಕ್ಕಾ. ಇಲ್ಲಂದ್ರ ನಿನ್ನ ಚೀಟಿ ಹೊರಗ ಒಗಿತೈತಿ. ವರ್ಷಕ್ಕ ಒಮ್ಮೆ ರಂಡಿ ಹುಣ್ಣಿವಿಗೆ ನೀವು ಬಳಿ ಒಡಿಯೂದಿಲ್ಲೇನ? ಹಂಗ ಅಂತ ತಿಳಕೊ."

ಎಲ್ಲಮ್ಮನಿಗೆ ಆ ಹುಣ್ಣಿಮೆಗೆ ವೈಧವ್ಯ ಬಂತೆಂದು ಮುತ್ತು ಕಟ್ಟಿದವರು ಬಳೆ ಒಡೆದುಕೊಳ್ಳುತ್ತಾರೆ. ಮುಂದೆ ಮುತ್ತೈದೆ ಹುಣ್ಣಿಮೆಗೆ ಮತ್ತೆ ಇಟ್ಟುಕೊಳ್ಳುತ್ತಾರೆ. ನಾನು ಗಣಿತ ಕಲಿತವನು. ದೊಡ್ಡ ಜಾಣತನದ ಮಾತು ಆಡಿದೆನೆಂದು ಆ ಗಳಿಗೆಯಲ್ಲಿ ಅನಿಸಿತ್ತು.

ಅಕ್ಕ ಬೆರಳಿನ ಮಸಿಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು.

"ಖರೆ, ಒಡಿತೀವಿ. ಎರಡು ತಿಂಗಳಿಗೆ ಮತ್ತ ಇಟಗೋತೀವಿ. ನಿಮ್ಮ ರಟ್ಟಿನ್ಯಾಗ ತೂತು ಹೊಡದ ಮ್ಯಾಲೆ ಅದು ಯಾವ ಹುಣ್ಣಿವಿಗೆ ಮುಚ್ಚತೈತಿ?"

ನಾನು ಹಾಳೆ ಮಡಚಿ ಮಸಿಯ ಡಬ್ಬಿ ಮುಚ್ಚಿದೆ. ಅವಳೇ ಕೇಳಿದಳು:

"ನಿನ್ನ ಕಚೇರ್ಯಾಗ ಗೊತ್ತೈತೇನ, ನನ್ನಂಥಾಕಿ ನಿನಗ ಅಕ್ಕ ಅಂತ?"

ನಾನು ಮಜ್ಜಿಗೆ ಕುಡಿದೆ. ಅವಳು ಲೋಟ ತೆಗೆದುಕೊಂಡು, "ಉಂಡು ಹೋಗು, ಬದನಿಕಾಯಿ ಎಣಗಾಯಿ ಮಾಡೇನಿ" ಅಂದಳು.

ಉಳಿದ ಹತ್ತು ಮನೆಗೂ ಹೋದೆ. ಇಬ್ಬರು ಬೈದರು. ಒಬ್ಬಳು ಮಸಿಯ ಡಬ್ಬಿಯನ್ನೇ ಬೀದಿಗೆ ಎಸೆದಳು. ಒಬ್ಬಳು ಮಾತ್ರ ಒತ್ತಲು ಸಿದ್ಧಳಿದ್ದಳು. ಅವಳ ಮುದಿ ತಾಯಿ ಕೈ ಹಿಡಿದು ತಡೆದಳು. ಹನ್ನೊಂದು ಹಾಳೆಗಳೂ ಖಾಲಿಯೇ ಮರಳಿದವು.

ಬಸ್ಸಿನಲ್ಲಿ ಕೂತು ಯೋಚಿಸಿದ್ದು ನೆನಪಿದೆ. ಅಕ್ಕ ಎತ್ತಿದ ಪ್ರಶ್ನೆ ನನ್ನ ವೃತ್ತಿಯ ಪ್ರಶ್ನೆಯೇ ಆಗಿತ್ತು. ಯಾದಿಯ ಕಾಲಂ ಇರುವುದು ಮನೆಯನ್ನು ಹಿಡಿಯುವುದಕ್ಕೆ. ಮನೆ ಕಾಲಮಿಗೆ ಹಿಡಿಸದಿದ್ದರೆ ತಪ್ಪಿದ್ದು ಮನೆಯಲ್ಲ, ಪುಸ್ತಕ. ಒಲೆಯ ವಿಷಯದಲ್ಲಿ ಇದನ್ನು ನಾನೇ ಎಲ್ಲರಿಗೂ ಪಾಠ ಹೇಳಿದ್ದೆ. ಮರುದಿನ ಸಾಹೇಬರ ಕೋಣೆಗೆ ಹೋಗಿ, ಮುದ್ರೆ ಹಾಕಿದ ಪುಸ್ತಕ ಬಿಚ್ಚಬೇಕೆಂದೆ. ಎಂಟನೇ ಕಾಲಮಿಗೆ ನಾಲ್ಕನೇ ಅಂಕಿ ಸೇರಿಸಬೇಕು: ಮುತ್ತು ಕಟ್ಟಿಸಿಕೊಂಡವರು, ತಂದೆಯ ಮನೆಗೆ ವಾರಸುದಾರರು. ಪದ್ಧತಿಯನ್ನು ಬಿಡಿಸಿ ಹೇಳಿದೆ.

ಸಾಹೇಬರು ಪುಸ್ತಕ ತೆಗೆದು ಎಂಟನೇ ಕಾಲಮಿನ ಪುಟ ತಿರುವಿದರು.

"ಆವತ್ತು ಕೇಳಿದಾಗ ಬೇರೆ ಸಂದರ್ಭ ಇಲ್ಲ ಅಂತ ನೀವೇ ಒಪ್ಪಿದಿರಿ."

"ತಪ್ಪಾತ್ರಿ."

"ಈಗ ಹೇಗೆ ಗೊತ್ತಾಯ್ತು?"

"ಹಳ್ಳಿಗೆ ಹೋಗಿದ್ದೆ. ಕೇಳಿ ತಿಳಕೊಂಡೆ."

ಅಕ್ಕ ಎಂಬ ಎರಡಕ್ಷರ ಅಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ಅವರು ಬೆಂಗಳೂರಿಗೆ ಟ್ರಂಕ್ ಕಾಲ್ ಹಚ್ಚಿಸಿದರು. ಯಂತ್ರದ ಕೋಣೆಯವರ ಉತ್ತರ ಖಡಕ್ಕಾಗಿತ್ತು. ಹೊಸ ಅಂಕಿ ಬಂದರೆ ಯಂತ್ರದ ತಂತಿ ಹಲಗೆಯ ಜೋಡಣೆ ಬದಲಿಸಬೇಕು, ಬದಲಿಸಿದ ಮೇಲೆ ಎಲ್ಲ ಹಳ್ಳಿಗಳ ಚೀಟಿಗಳನ್ನೂ ಮತ್ತೆ ಹಾಯಿಸಿ ಪರೀಕ್ಷೆ ಮಾಡಬೇಕು. ನಮ್ಮ ಪಾಳಿಯಲ್ಲಿ ಅಷ್ಟು ಸಮಯ ಇಲ್ಲ. ಸಾಹೇಬರು ರಿಸೀವರ್ ಇಟ್ಟು, ನನಗೆ ಇನ್ನೊಂದು ದಾರಿ ತೋರಿಸಿದರು. ಒಳ್ಳೆಯ ಮನಸ್ಸಿನಿಂದಲೇ ತೋರಿಸಿದರು.

"ಈ ಹನ್ನೊಂದು ಮನೇಲಿ ಅಣ್ಣನೋ ತಮ್ಮನೋ ಗಂಡಸರು ಯಾರಾದ್ರೂ ಇರ್ತಾರಲ್ರೀ. ಅವರ ಹೆಸರಿಗೆ ಚೀಟಿ ಮಾಡಿಬಿಡಿ. ಮೊದಲನೇ ಯಾದೀಲೇ ಬರತ್ತೆ, ಬಂಧುಬಳಗದ ಪಕ್ಕದಲ್ಲೇ ಜಾಗ ಸಿಗತ್ತೆ."

ನಾನು ಬೇಡವೆಂದೆ. ಹಾಗೆ ಮಾಡಿದರೆ ಮನೆ ಅವರ ಕೈ ತಪ್ಪುತ್ತದೆ, ನಾಳೆ ಅಣ್ಣತಮ್ಮಂದಿರು ಹೊರಗೆ ಹಾಕಿದರೆ ಕೇಳುವವರಿಲ್ಲ, ಅವರ ಹಕ್ಕು ಅವರ ಹೆಸರಲ್ಲೇ ಇರಬೇಕು ಎಂದು ವಾದಿಸಿದೆ. ಹನ್ನೊಂದು ಚೀಟಿಗಳನ್ನು ತಡೆಹಿಡಿದು, ಮುಂದಿನ ಪಾಳಿಯಲ್ಲಿ ಹೊಸ ಜೋಡಣೆಯೊಂದಿಗೆ ಬೇರೆಯಾಗಿ ಹಾಯಿಸಬೇಕೆಂದು ಬರೆದುಕೊಟ್ಟೆ. ಸಾಹೇಬರು ಓದಿ, "ಇದರ ಹೊಣೆ ನಿಮ್ಮದು" ಎಂದು ರುಜು ಮಾಡಿದರು.

ನನ್ನ ವಾದ ಸರಿಯೇ ಇತ್ತು. ಇಂದಿಗೂ ಹಾಗೇ ಅನ್ನುತ್ತೇನೆ. ಆದರೆ ಇಷ್ಟು ವರ್ಷದ ಮೇಲೆ ಇನ್ನೊಂದನ್ನೂ ಬರೆಯಬೇಕು. ನಮ್ಮ ಮನೆಯ ಚೀಟಿಗೆ ಗಂಡಸಿನ ಹೆಸರು ಬರೆಯಬೇಕಾಗಿದ್ದರೆ ಬರೆಯಬೇಕಿದ್ದುದು ನನ್ನ ಹೆಸರು. ಆ ಹೆಸರನ್ನು ಆ ಹಾಳೆಯ ಮೇಲೆ ಇಡೀ ಕಚೇರಿ ಓದುತ್ತಿತ್ತು. ಅಂದು ನಾನು ಬೇಡವೆಂದದ್ದರಲ್ಲಿ ಅಕ್ಕನ ಹಕ್ಕಿನ ಪಾಲೆಷ್ಟು, ನನ್ನ ಅಂಜಿಕೆಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲು ನನಗೆ ಆಗಿಲ್ಲ.

ಮುಂದಿನ ಪಾಳಿ ಸಿಗಲು ಐದು ತಿಂಗಳು ಹಿಡಿಯಿತು. ಈ ನಡುವೆ ಮೊದಲ ಯಾದಿಯವರೆಲ್ಲ ಹೊಸ ಜಾಗಕ್ಕೆ ಹೋಗಿ ಪಾಯ ತೋಡಿದರು. ನಮ್ಮ ಓಣಿ ಓಣಿಯಾಗಿಯೇ ಹೋಗಿ ಬಾವಿಯ ಸಮೀಪ ನೆಲೆ ನಿಂತಿತು. ಹಳೆಯ ಊರಿನಲ್ಲಿ ಜಂತಿ ಕಿತ್ತ ಗೋಡೆಗಳ ನಡುವೆ ಅಕ್ಕ ಮತ್ತು ಅವ್ವ ಉಳಿದರು. ಅವ್ವ ಆ ಐದು ತಿಂಗಳು ದಾಟಲಿಲ್ಲ. ಹೆಗಲು ಕೊಡಲು ಓಣಿಯಲ್ಲಿ ಗಂಡಸರಿಲ್ಲದೆ ಮೇಲಿನ ಊರಿನಿಂದ ಕರೆಸಬೇಕಾಯಿತು. ಸುದ್ದಿ ತಿಳಿದು ನಾನು ಮುಟ್ಟುವಷ್ಟರಲ್ಲಿ ಅಕ್ಕ ಮಣ್ಣು ಕೊಟ್ಟಾಗಿತ್ತು. ಕಚೇರಿಯಲ್ಲಿ ರಜೆ ಅರ್ಜಿಗೆ ಕಾರಣ "ದೂರದ ಸಂಬಂಧಿಕರ ಮರಣ" ಎಂದು ಬರೆದಿದ್ದೆ.

ಹೊಸ ಜೋಡಣೆಯಲ್ಲಿ ಯಂತ್ರ ಒಂದು ಚೀಟಿಯನ್ನೂ ಹೊರಗೆ ಹಾಕಲಿಲ್ಲ. ಎಂಟನೇ ಕಾಲಮಿನ ನಾಲ್ಕನೇ ತೂತನ್ನು ಹನ್ನೊಂದೂ ಚೀಟಿಗಳಲ್ಲಿ ಸರಿಯಾಗಿ ಓದಿತು. ಯಾದಿ ಬಂದ ದಿನ ಹಿರಿಯ ಗುಮಾಸ್ತರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಆಗೂದಿಲ್ಲ ಅಂದಿದ್ನಲ್ರಿ ನಾ. ನನ್ನ ಮಾತು ಸುಳ್ಳ ಮಾಡಿದ್ರಿ ಬಿಡ್ರಿ" ಎಂದು ಕೈ ಹಿಡಿದರು. ಎಲ್ಲರಿಗೂ ಚುರಮರಿ ತರಿಸಿದರು. ಆದರೆ ಒಳ್ಳೆಯ ಜಾಗಗಳೆಲ್ಲ ಮುಗಿದಿದ್ದವು. ಹನ್ನೊಂದು ಹೆಂಗಸರಿಗೂ ಬಿದ್ದದ್ದು ಕಡೆಯ ಸಾಲು, ಬಾವಿಯಿಂದ ದೂರ, ಹಾರೆ ಹಾಕಿದರೆ ಕಿಡಿ ಹಾರುವ ಕಲ್ಲು ನೆಲ. ಊರಿನವರು ಆ ಸಾಲಿಗೆ ಒಂದು ಹೆಸರು ಇಟ್ಟರು. ಆ ಹೆಸರನ್ನು ಇಲ್ಲಿ ಬರೆಯಲಾರೆ. ಹನ್ನೊಂದು ಮನೆಗಳನ್ನು ಒಂದೇ ಕಡೆ ಕೂಡಿಸಿ ಹೀಗೆ ಬೆರಳು ಮಾಡಿ ತೋರಿಸುವಂತೆ ಮಾಡಿದ್ದು ನನ್ನ ಅಂಕಿಯೇ. ಹಳೆಯ ಊರುಗಳಲ್ಲಿ ಅವು ಎಲ್ಲರ ನಡುವೆ ಇದ್ದವು.

ಹಕ್ಕುಪತ್ರ ಹಂಚುವ ದಿನ ಹೊಸ ಜಾಗದಲ್ಲಿ ಚಪ್ಪರ ಹಾಕಿದ್ದರು. ಬೆಳಗಾವಿಯಿಂದ ದೊಡ್ಡ ಸಾಹೇಬರು ಬಂದಿದ್ದರು. ಮೇಜಿನ ಬಾಜೂ ನಿಂತು ಹೆಸರು ಕೂಗುವುದು ನನ್ನ ಕೆಲಸ. ಓದು ಬಾರದವರು ಹೆಬ್ಬಟ್ಟು ಒತ್ತಬೇಕು. ಅದರ ಕೆಳಗೆ, ಪತ್ರವನ್ನು ಅವರಿಗೆ ಓದಿ ಹೇಳಿದ ಮನೆಯವರೊಬ್ಬರು ರುಜು ಮಾಡಬೇಕು. ಕೆಲವರು ಮಕ್ಕಳನ್ನು ಕರೆತಂದಿದ್ದರು, ಕೆಲವರು ಅಳಿಯಂದಿರನ್ನು. ಯಾರೂ ಇಲ್ಲದವರಿಗೆ ಹಿರಿಯ ಗುಮಾಸ್ತರು ಓದಿ ರುಜು ಮಾಡುತ್ತಿದ್ದರು.

ಅಕ್ಕನ ಹೆಸರು ಬಂತು. ಉಳಿದವರ ಹೆಸರು ಕೂಗಿದ ಧ್ವನಿಯಲ್ಲೇ ಕೂಗಿದೆ ಎಂದುಕೊಂಡಿದ್ದೇನೆ. ಅವಳು ಒಗೆದ ಇಳಕಲ್ ಸೀರೆ ಉಟ್ಟು, ಮಣಿಸರವನ್ನು ಸೆರಗಿನಡಿ ಮುಚ್ಚಿಕೊಂಡು ಬಂದಳು. ನನ್ನತ್ತ ನೋಡಲಿಲ್ಲ. ದೊಡ್ಡ ಸಾಹೇಬರು ಪತ್ರ ತಿರುಗಿಸಿ, ಒತ್ತುವ ಜಾಗ ತೋರಿಸಿದರು. ಒತ್ತಿದಳು. ಪತ್ರವನ್ನು ಅವಳ ಕೈಗೆ ಕೊಡುತ್ತ, "ಓದಿ ಹೇಳೋಕೆ ನಿಮ್ಮ ಮನೆಯವರು ಯಾರಾದ್ರೂ ಬಂದಿದಾರೇನಮ್ಮ?" ಎಂದು ಕೇಳಿದರು.

ನಮ್ಮ ಓಣಿಯವರು ಚಪ್ಪರದ ತುಂಬ ಇದ್ದರು. ಎಲ್ಲರೂ ನನ್ನನ್ನು ನೋಡಿದರು. ನನ್ನ ಕಿಸೆಯಲ್ಲಿ ಪೆನ್ನು ಇತ್ತು. ಅಕ್ಕ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡು, ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಹೇಳಿದಳು:

"ಇಲ್ರಿ ಸಾಹೇಬ್ರ. ನಮ್ಮ ಮನ್ಯಾಗ ಸಾಲಿ ಕಲ್ತವ್ರು ಯಾರೂ ಇಲ್ಲ."